ಮೊದಲ ಬುಟ್ಟಿ ಮಣ್ಣು

ಉರ್ವ ಮಾರ್ಕೆಟ್ಟು ದಾಟಿ ಬಡಗು ದಿಕ್ಕಿಗೆ ನಡೆದರೆ ಆ ಕಾಲದಲ್ಲಿ ಮನೆಗಳ ಸಾಲು ಮುಗಿದು ಗದ್ದೆ ಶುರುವಾಗುತ್ತಿತ್ತು. ಸಿಟಿ ಬಸ್ಸಿನಿಂದ ಇಳಿದವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಗದ್ದೆಹುಣಿಯ ಸಪೂರ ಬದುವಿನ ಮೇಲೆ ನಡೆದು ಮನೆ ಸೇರಬೇಕು. ನಡುವೆ ಒಂದು ತೋಡು, ಸಣ್ಣ ಹಳ್ಳ. ತೋಡಿನ ಎರಡೂ ಬದಿಗೆ ಹರಡಿದ್ದು ಕಟ್ಟದಬೈಲು.

ಮಳೆ ನಿಂತು ದೀಪಾವಳಿ ಕಳೆದ ಮೇಲೆ ಬೈಲಿನವರೆಲ್ಲ ಸೇರಿ ತೋಡಿಗೆ ಅಡ್ಡವಾಗಿ ಒಂದು ಕಟ್ಟ ಹಾಕುತ್ತಿದ್ದರು. ಗೂಟ ನೆಟ್ಟು, ತೆಂಗಿನ ಮಡಲು ಹೆಣೆದು, ಸೊಪ್ಪು ಮತ್ತು ಮಣ್ಣು ತುಂಬಿಸಿದ ಒಡ್ಡು ಅದು. ನಿಂತ ನೀರು ಕಾಲುವೆ ಹತ್ತಿ ಗದ್ದೆಗೆ ಹೋಗುತ್ತಿತ್ತು. ಅದರಿಂದ ಸುಗ್ಗಿ, ಮಳೆಗಾಲದ ಬೆಳೆಯ ನಂತರದ ಎರಡನೆಯ ಭತ್ತದ ಬೆಳೆ. ಬೇಸಗೆ ಮುಗಿದು ಮೋಡ ಕಟ್ಟುವ ಹೊತ್ತಿಗೆ ಜನರೇ ಅದನ್ನು ಬಿಚ್ಚಿ ತೋಡನ್ನು ಅದರ ದಾರಿಗೆ ಬಿಡುತ್ತಿದ್ದರು. ಎರವಲು ತಂದ ಪಾತ್ರೆಯನ್ನು ತೊಳೆದು ಕೊಡುವ ಹಾಗೆ.

ಕಟ್ಟಕ್ಕೆ ಮೊದಲ ಬುಟ್ಟಿ ಮಣ್ಣು ಹಾಕುವವರು ದೂಮಣ್ಣ ಶೆಟ್ಟರು. ಹಲಸಿನ ಮರದ ಬುಡದಲ್ಲಿರುವ ಜುಮಾದಿ ದೈವದ ಕಲ್ಲಿಗೆ ಕೈಮುಗಿದು ಗಡಿ ಹಿಡಿದವರು, ಅಂದರೆ ದೈವದ ಪರವಾಗಿ ಊರಿನ ಹಿರಿತನ ಹೊತ್ತವರು ಅವರು. ಗಡಿ ಹಿಡಿದವನ ಬಾಯಲ್ಲಿ ಸುಳ್ಳು ಬರಬಾರದು. ಬುಟ್ಟಿ ಹೊತ್ತು ಅವರು ತೋಡಿಗೆ ಇಳಿದು ನಿಂತಾಗ, ಆಚೆ ದಡದಿಂದ ಕ್ರಿಶ್ಚಿಯನ್ನರ ಮನೆಯ ಯಜಮಾನ ಕೇಳಬೇಕು: "ನೀರ್ ಏರೆನ?" ನೀರು ಯಾರದು? ಶೆಟ್ಟರು ಹೇಳಬೇಕು: "ದೈವದ್ದು. ನಮ್ಮದಲ್ಲ." ಹೀಗೆ ಮೂರು ಸಲ. ಮೂರನೆಯ ಸಲ ಬೈಲಿನವರೆಲ್ಲ "ಹೌದು" ಎನ್ನಬೇಕು. ಆಮೇಲೆಯೇ ಮಣ್ಣು ಬೀಳುವುದು. ಕ್ರಿಶ್ಚಿಯನ್ನರ ಮನೆಯವರಿಗೆ ಈ ಕೇಳುವ ಕೆಲಸ ಹೇಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಈಗ ಕೇಳುತ್ತಿದ್ದವರು ನಿವೃತ್ತ ಮೇಷ್ಟ್ರು ರುಡೊಲ್ಫ್. ತುಳುವಿನಲ್ಲಿ ಕ್ರಿಶ್ಚಿಯನ್ ಯಜಮಾನರನ್ನು ಕರೆಯುವ ಹಾಗೆ, ಬೈಲಿನವರಿಗೆ ಅವರು ಪೊರ್ಬುಗಳು. "ಪಾದ್ರಿಗಳಿಗೆ ಗೊತ್ತಾದರೆ ಬೈತಾರೆ" ಎಂದು ನಗುತ್ತಿದ್ದರು, ಕೇಳುವಾಗ ಮಾತ್ರ ತಲೆಯ ಟೊಪ್ಪಿ ತೆಗೆಯುತ್ತಿದ್ದರು.

ಶೆಟ್ಟರದು ಅಳಿಯಸಂತಾನದ ಮನೆ. ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಭೂಮಸೂದೆಯಲ್ಲಿ ಉತ್ತವರಿಗೆ ಹೋಗಿತ್ತು. ಉಳಿದದ್ದು ಸ್ವಂತ ಬೇಸಾಯದ ಬೈಲುಗದ್ದೆ. ಅದನ್ನು ನಡೆಸುತ್ತಿದ್ದವಳು ಶೆಟ್ಟರ ತಂಗಿಯ ಮಗಳು ಕುಶಲಾ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ಆಳುಗಳ ಜೊತೆಗೆ ತಾನೂ ಗದ್ದೆಗಿಳಿಯುವವಳು. ಅಟ್ಟದ ಮೇಲೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಬೀಜದ ಮುಡಿಗಳಿದ್ದವು. ಕಯಮೆ ಭತ್ತದ ಬೀಜ, ಸುಗ್ಗಿಗೆ ಮಾತ್ರ ಆಗುವಂಥದ್ದು. ಅವಳ ತಾಯಿ ಸಾಯುವಾಗ ಪೆಟ್ಟಿಗೆಯಲ್ಲಿದ್ದ ಚಿನ್ನದ ಮಾತು ಎತ್ತಲಿಲ್ಲ. ಅಟ್ಟದ ಕಡೆ ಕಣ್ಣು ಮಾಡಿ, "ಇದನ್ನು ಕಡಿದು ಹೋಗಲಿಕ್ಕೆ ಬಿಡಬೇಡ ಮಗಾ" ಎಂದಿದ್ದಳು. ತಾಯಿಗೆ ಅವಳ ತಾಯಿ ಕೊಟ್ಟದ್ದು ಅದು. ಪ್ರತಿ ವರ್ಷ ಬಿತ್ತಿ, ಪ್ರತಿ ವರ್ಷ ಹೊಸತಾಗಿ ಮುಡಿ ಕಟ್ಟಿದರೆ ಮಾತ್ರ ಉಳಿಯುವ ಆಸ್ತಿ.

ಎಪ್ಪತ್ತೆಂಟರ ಆಟಿ ತಿಂಗಳಲ್ಲಿ ಕುಶಲಾಳ ತಮ್ಮ ಮೋಹನದಾಸ ಮಳೆಯಲ್ಲಿ ನೆನೆಯುತ್ತ ಸ್ಕೂಟರಿನಲ್ಲಿ ಬಂದ. ಅವನಿಗೆ ಹಂಪನಕಟ್ಟೆಯಲ್ಲಿ ಒಂದು ಸಣ್ಣ ಹೋಟೆಲು. ಕೋರ್ಟಿನ ಜನವೆಲ್ಲ ಅಲ್ಲಿಗೆ ಬರುತ್ತಿದ್ದುದರಿಂದ, ಗೋಳಿಬಜೆ ಕೊಟ್ಟು ಕಾನೂನು ಕಲಿತವನೆಂದು ರುಡೊಲ್ಫ್ ಪೊರ್ಬುಗಳು ಅವನನ್ನು ತಮಾಷೆ ಮಾಡುತ್ತಿದ್ದರು.

"ಮಾಮ, ಶಾಲೆಯ ಗೋಡೆಯಲ್ಲಿ ಅಂಟಿಸಿದ್ದನ್ನು ಓದಿದ್ರಾ?" ಎಂದ.

"ಕನ್ನಡಕ ಇಲ್ಲದೆ ಎಂತ ಓದುವುದು. ಯಾವುದೋ ಸಿನೆಮಾದ್ದು ಅಂತ ಮಾಡಿದೆ."

"ಸಿನೆಮಾ ಅಲ್ಲ, ಸರ್ಕಾರದ್ದು. ನಮ್ಮ ತೋಡಿನ ನೀರನ್ನು ಸರ್ಕಾರ ತಗೊಳ್ತದಂತೆ. ಪಣಂಬೂರು ಕಡೆ ಹೊಸ ಕಾಲೊನಿಗಳು ಏಳ್ತಾ ಉಂಟಲ್ಲ, ಅಲ್ಲಿಗೆ ಕುಡಿಯುವ ನೀರು. ನಮ್ಮ ಕಟ್ಟದಿಂದ ಕೆಳಗೆ ಪಂಪು ಕೂರಿಸ್ತಾರೆ. ಹಕ್ಕು ಇದ್ದವರು ವಿಚಾರಣೆಯ ದಿವಸ ಬಂದು ಹೇಳ್ಬೇಕು."

"ಕುಡಿಯಲಿಕ್ಕೆ ಅಲ್ವಾ. ಕುಡೀಲಿ. ಬಾಯಾರಿದವನಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ?"

"ಅಯ್ಯೋ ಮಾರಾಯ್ರೆ, ಕುಡೀಲಿ. ನಮ್ಮ ಪಾಲು ಬಿಟ್ಟು ಕುಡೀಲಿ. ಅಷ್ಟು ಹೇಳಿದ್ರೆ ಸಾಕು, ನಮ್ಮ ಕಟ್ಟ ನಮಗೆ ಉಳೀತದೆ. ಹೇಳದಿದ್ರೆ ಇಡೀ ತೋಡು ಅವರದ್ದು. ಭೂಮಸೂದೆಯಲ್ಲಿ ನೋಡ್ಲಿಲ್ವಾ? ನನ್ನದು ಅಂದವನಿಗೆ ಭೂಮಿ, ಸುಮ್ಮನೆ ಕೂತವನಿಗೆ ತೆಂಗಿನ ಗೆರಟೆ."

ಕುಶಲಾ ಒಳಗಿನಿಂದ ಬಿಸಿ ಕಷಾಯ ತಂದಿಟ್ಟಳು. "ಮಾಮ, ಎಷ್ಟು ಕಷ್ಟ ಅದು? 'ಹಿರಿಯರ ಕಾಲದಿಂದ ಕಟ್ಟ ಕಟ್ಟಿ ಬೆಳೆ ತೆಗೀತಾ ಇದ್ದೇವೆ, ನೀರು ನಮ್ಮ ಬೈಲಿನದ್ದು' ಅಷ್ಟೇ."

ಶೆಟ್ಟರು ಕಷಾಯದ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಆ ಮಾತನ್ನು ಒಂದು ಸಲ ಹೇಳಿ ನೋಡಿದರು. ಸರಿಯಾಗಿಯೇ ಬಂತು. "ಹೇಳುವ," ಎಂದರು.

ವಿಚಾರಣೆ ನಡೆದದ್ದು ಶಾಲೆಯ ಜಗಲಿಯಲ್ಲಿ. ಬಂದ ಅಧಿಕಾರಿ ಘಟ್ಟದ ಮೇಲಿನವರು. ಬೆವರು ಒರೆಸಿ ಒರೆಸಿ ಕರವಸ್ತ್ರ ಒದ್ದೆಯಾಗಿತ್ತು. ಕೆಟ್ಟ ಮನುಷ್ಯರಲ್ಲ. ಮುದುಕರಿಗೆ ಬೆಂಚು ಹಾಕಿಸಿದರು, ನಿಂತಿದ್ದ ಹೆಂಗಸರನ್ನು ಮಳೆಯ ಇರಿಚಲಿನಿಂದ ಒಳಗೆ ಬರಹೇಳಿದರು. ಮೇಜಿನ ಈಚೆ ದೂಮಣ್ಣ ಶೆಟ್ಟರು ನಿಂತರು. ಹಿಂದೆ ರುಡೊಲ್ಫ್ ಪೊರ್ಬುಗಳು, ಬೈಲಿನ ತುದಿಯಲ್ಲಿ ಗದ್ದೆಯಿದ್ದ ಅಬ್ದುಲ್ ರಹ್ಮಾನ್, ಉಳಿದವರು. ಮೋಹನದಾಸ ಸ್ಕೂಟರಿನ ಹತ್ತಿರ ಕೊಡೆ ಹಿಡಿದು ನಿಂತಿದ್ದ.

"ನೋಡಿ ಯಜಮಾನರೆ," ಎಂದರು ಅಧಿಕಾರಿ, "ಹಕ್ಕು ಇದೆ ಅಂತ ಹೇಳಿದರೆ ಬರ್ಕೊಳ್ತೀನಿ. ಆಮೇಲೆ ನಿಮ್ಮ ಪಾಲಿಗೆ ಯಾರೂ ಕೈ ಹಾಕೋ ಹಾಗಿಲ್ಲ. ಇಲ್ಲ ಅಂದ್ರೆ ಹರಿಯೋ ನೀರೆಲ್ಲ ಸರ್ಕಾರದ್ದು, ಅದು ಕಾನೂನು. ಹೇಳಿ. ಈ ತೋಡಿನ ನೀರು ಯಾರದು?"

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಗದ್ದೆಹುಣಿಯ ಉದ್ದಕ್ಕೂ ಶೆಟ್ಟರು ಬಾಯಲ್ಲೇ ಹೇಳಿಕೊಂಡು ಬಂದ ಮಾತು ನಾಲಗೆಯ ತುದಿಯಲ್ಲಿತ್ತು. ಆದರೆ ಇದೇ ಪ್ರಶ್ನೆಗೆ ಐವತ್ತು ವರ್ಷ ಒಂದೇ ಉತ್ತರ ಕೊಟ್ಟ ನಾಲಗೆ ಅದು. ಸೊಂಟದವರೆಗೆ ತಣ್ಣನೆಯ ನೀರಿನಲ್ಲಿ ನಿಂತ ಹಾಗಾಯಿತು ಅವರಿಗೆ, ತಲೆಯ ಮೇಲೆ ಬುಟ್ಟಿಯ ಭಾರ ಇದ್ದ ಹಾಗೆ.

"ದೈವದ್ದು," ಎಂದರು. "ನಮ್ಮದಲ್ಲ."

ಅಧಿಕಾರಿ ಮುಗುಳ್ನಕ್ಕರು. "ಒಪ್ಪಿದೆ, ಎಲ್ಲವೂ ದೇವರದೇ. ನಾನು ಕಾನೂನಿನ ಪ್ರಕಾರ ಕೇಳ್ತಿದೀನಿ. ನೀರು ಯಾರದು?"

"ದೈವದ್ದು ಸ್ವಾಮಿ. ನಮ್ಮದಲ್ಲ. ಬೇಕಾದ್ರೆ ದೈವದ ಹೆಸರಿಗೇ ಬರೀರಿ."

"ಹಾಗೆ ಬರೆಯೋದಕ್ಕೆ ರಿಜಿಸ್ಟರ್ ಆದ ದೇವಸ್ಥಾನ ಬೇಕು, ಆಡಳಿತ ಮಂಡಳಿ ಬೇಕು. ಇದೆಯಾ?"

"ಹಲಸಿನ ಮರದ ಬುಡದಲ್ಲಿ ಒಂದು ಕಲ್ಲು ಉಂಟು."

ಪಕ್ಕದಲ್ಲಿದ್ದ ಗುಮಾಸ್ತ, "ದೈವ ಬಂದು ಸೈನ್ ಹಾಕ್ತದಾ ಶೆಟ್ರೆ?" ಎಂದ. ಒಬ್ಬಿಬ್ಬರು ನಕ್ಕರು. ಅಧಿಕಾರಿ ನಗಲಿಲ್ಲ. ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. "ಯಜಮಾನರೆ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ಯೋಚನೆ ಮಾಡಿ. ಇನ್ನೊಂದೇ ಸಲ ಕೇಳ್ತೀನಿ. ನೀರು ಯಾರದು?"

ಮೂರನೆಯ ಸಲ ಕೇಳಿದ ಮೇಲೆ ಮಾತು ಬದಲಾಯಿಸುವುದುಂಟೇ? "ದೈವದ್ದು," ಎಂದರು ಶೆಟ್ಟರು, "ನಮ್ಮದಲ್ಲ." ಅವರ ದನಿ ಈ ಸಲ ಗಟ್ಟಿಯಾಗಿತ್ತು, ತೋಡಿನ ಆಚೆ ದಡಕ್ಕೆ ಕೇಳಬೇಕೆಂಬ ಹಾಗೆ. ಅದು ಮುಗಿಯುತ್ತಲೇ ರುಡೊಲ್ಫ್ ಪೊರ್ಬುಗಳು ಟೊಪ್ಪಿ ತೆಗೆದು "ಹೌದು" ಎಂದರು. ಅಬ್ದುಲ್ ರಹ್ಮಾನ್ "ಹೌದು" ಎಂದ. ಜಗಲಿ ತುಂಬ ಇದ್ದ ಜನ ಒಂದೇ ಬಾಯಲ್ಲಿ ಹೌದೆಂದಿತು. ಕುಶಲಾಳೂ ಅಂದಿದ್ದಳು, ಅಂದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅಧಿಕಾರಿ ಎಲ್ಲರ ಮುಖ ನೋಡಿದರು. ಆಮೇಲೆ ಬರೆದರು.

ಹಿಂದಿರುಗುವಾಗ ಮೋಹನದಾಸ ಸ್ಕೂಟರನ್ನು ತಳ್ಳುತ್ತ ನಡೆದ. "ಪೊರ್ಬುಳೆ, ಮಾಮನಾದ್ರೆ ಹಳೇ ಕಾಲದವ್ರು. ನೀವು ಬಿ.ಎ. ಪಾಸಾದವ್ರು. ನಿಮಗೆ ಎಂತ ಆಯ್ತು?"

"ಮೂರು ಸಲ ಕೇಳಿದ ಮಾರಾಯ," ಎಂದರು ರುಡೊಲ್ಫ್. "ಸರಿಯಾಗಿ ಅದೇ ಮಾತು. ಅವನಿಗೆ ಯಾರು ಹೇಳಿಕೊಟ್ಟದ್ದು?"

ದೀಪಾವಳಿಯ ಹೊತ್ತಿಗೆ ತೋಡಿನ ಕೆಳಭಾಗದಲ್ಲಿ ಕಾಂಕ್ರೀಟಿನ ಬಾವಿ, ಶೀಟು ಹಾಕಿದ ಪಂಪುಮನೆ ಎದ್ದವು. ಹಕ್ಕು ಹೇಳಿದವರು ಯಾರೂ ಇಲ್ಲವಾದ್ದರಿಂದ ತೋಡು ಪೂರ್ತಿ ಸರ್ಕಾರದ್ದೆಂದೂ ಹರಿವಿಗೆ ಯಾರೂ ಅಡ್ಡಿ ಮಾಡಬಾರದೆಂದೂ ಆದೇಶ ಬಂತು. ಬೈಲಿನವರಿಗೆ ಅದು ತಮ್ಮ ಕಟ್ಟದ ಮಾತೆಂದು ಅನ್ನಿಸಲಿಲ್ಲ. ಅಡ್ಡಿ ಎಂದರೆ ಬೇರೆ ಯಾವುದೋ. ಎಂದಿನಂತೆ ಗೂಟ ನೆಟ್ಟರು, ಪೊರ್ಬುಗಳು ಕೇಳಿದರು, ಶೆಟ್ಟರು ಹೇಳಿದರು, ಮಣ್ಣು ಬಿತ್ತು. ಕುಶಲಾ ಒಂದು ಮುಡಿ ಬೀಜ ಬಿಚ್ಚಿ ಬಿತ್ತಿದಳು. ಇನ್ನೊಂದನ್ನು ಯಾಕೋ ಇಟ್ಟುಕೊಂಡಳು.

ನಾಟಿ ಮುಗಿದು ನೇಜಿಯ ಸಸಿಗಳು ಬೇರು ಹಿಡಿಯುತ್ತಿರುವಾಗ ಜೀಪು ಬಂತು. ಕೆಳಗಿನ ಬಾವಿಗೆ ನೀರು ಬರುತ್ತಿಲ್ಲ, ಕಾಲೊನಿಯಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದಾರೆ, ಕಟ್ಟ ಕಡಿಯಬೇಕು ಎಂದರು. ಅದೇ ಅಧಿಕಾರಿ. ಶೆಟ್ಟರ ಮುಖ ನೋಡದೆ, ದೂರದ ತೆಂಗಿನ ಮರ ನೋಡುತ್ತ ಹೇಳಿದರು. ಕುಶಲಾ ಗದ್ದೆಯಿಂದ ಕೆಸರುಗಾಲಲ್ಲೇ ಬಂದಳು.

"ಕುಯ್ಲಿನವರೆಗೆ ಬಿಡಿ ಸ್ವಾಮಿ. ಅರ್ಧ ನೀರು ಬಿಡ್ತೇವೆ. ರಾತ್ರಿ ನಿಮಗೆ, ಹಗಲು ನಮಗೆ."

"ಅರ್ಧ ಕೊಡೋದಕ್ಕೆ ನನಗೆ ಅಧಿಕಾರ ಇಲ್ಲಮ್ಮ. ಅವತ್ತು ಒಂದು ಮಾತು ಹೇಳಿದ್ದಿದ್ರೆ ಇತ್ತು."

ಗುದ್ದಲಿ ಹಿಡಿದು ಬಂದಿದ್ದ ಕೂಲಿಯಾಳುಗಳು ಈ ಕಡೆಯವರೇ. ಮುಂದಿದ್ದವನು ಹಲಸಿನ ಮರದ ಕಡೆ ತಿರುಗಿ "ತಪ್ಪಾಯ್ತು ದೈವವೇ" ಎಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕಡಿದ. ನೀರು ಮೊದಲು ಸಣ್ಣ ಬಾಯಿಯಿಂದ ಸದ್ದಿಲ್ಲದೆ ಹೋಯಿತು. ಮತ್ತೆ ಮಡಲು, ಸೊಪ್ಪು, ಮಣ್ಣು ಎಲ್ಲವನ್ನೂ ಎಳೆದುಕೊಂಡು ಹೋಯಿತು. ತೋಡಿನ ಹೊಂಡದಲ್ಲಿ ಸಣ್ಣ ಮೀನುಗಳು ಬಿಸಿಲಿಗೆ ಹೊರಳುತ್ತಿದ್ದವು. ಬೈಲಿನವರು ಅವನ್ನು ಹೆಕ್ಕಲಿಲ್ಲ.

ಗದ್ದೆ ಒಣಗಲು ಹೆಚ್ಚು ದಿನ ಬೇಕಾಗಲಿಲ್ಲ. ಕುಶಲಾ ಮತ್ತು ರುಡೊಲ್ಫರ ಹೆಂಡತಿ ರೊಸಾಲಿನ್ ಬಾಯಮ್ಮ ಮನೆಯ ಬಾವಿಯಿಂದ ಸೇದಿ, ಬೀಜಕ್ಕಾದರೂ ಆಗಲಿ ಎಂದು ಒಂದು ಮೂಲೆಗೆ ಕೊಡದಲ್ಲಿ ನೀರು ಹೊತ್ತರು. ಬಿರುಕು ಬಿಟ್ಟ ಗದ್ದೆ ಕೊಡದ ನೀರನ್ನು ಕುಡಿದು ಮತ್ತೆ ಬಾಯಿ ತೆರೆಯಿತು. ಕಡೆಗೆ ಬಾವಿಯ ತಳವೂ ಕಂಡಿತು. ತೋಡಿನಲ್ಲಿ ಮಾತ್ರ ನೀರಿತ್ತು. ಬಟ್ಟೆ ಒಗೆಯುವಷ್ಟು ತೆಳ್ಳಗೆ, ಕಣ್ಣೆದುರೇ ಹರಿಯುತ್ತಿತ್ತು. ಸರ್ಕಾರದ್ದೆಂದು ಆದೇಶವಾದ ಮೇಲೆ ಯಾರೂ ಅದಕ್ಕೆ ಕೊಡ ಅದ್ದಲಿಲ್ಲ. ಆ ವರ್ಷ ಬೈಲಿನಲ್ಲಿ ಸುಗ್ಗಿ ಎಂಬುದು ಆಗಲಿಲ್ಲ. ಬೀಜವೂ ಸಿಗಲಿಲ್ಲ.

ಮತ್ತೆ ಮಳೆ ಹಿಡಿದಾಗ ಮೋಹನದಾಸ ಇನ್ನೊಂದು ಸುದ್ದಿ ತಂದ. ಮೇಲಿನ ಅಧಿಕಾರಿಗೆ ಅಪೀಲು ಹಾಕಬಹುದು. ಆದರೆ ಅವತ್ತು ಹೇಳಿದ್ದು ತಿಳಿಯದೆ ಹೇಳಿದ್ದು, ನೀರಿನ ಹಕ್ಕು ನಿಜಕ್ಕೂ ನಮ್ಮದು ಎಂದು ದೂಮಣ್ಣ ಶೆಟ್ಟರೇ ಪ್ರಮಾಣ ಮಾಡಿ ಹೇಳಬೇಕು.

"ತಿಳಿದೇ ಹೇಳಿದ್ದು," ಎಂದರು ಶೆಟ್ಟರು.

"ಗೊತ್ತು ಮಾಮ. ತಿಳಿಯದೆ ಅಂತ ಹೇಳ್ಬೇಕು."

"ಮತ್ತೆ ನಾನು ಗಡಿ ಹಿಡಿದದ್ದು ಎಂತಕ್ಕೆ? ಬೇಕಾದ ಹಾಗೆ ಮಾತು ತಿರುಗಿಸಲಿಕ್ಕಾ?"

ಮೋಹನದಾಸ ಸಿಟ್ಟಿನಿಂದ ಎದ್ದು ಹೋದ. ಕುಶಲಾ ಅಟ್ಟಕ್ಕೆ ಏಣಿ ಇಟ್ಟು, ಉಳಿದಿದ್ದ ಮುಡಿಯನ್ನು ಹೆಗಲ ಮೇಲೆ ಇಳಿಸಿ ತಂದು ಜಗಲಿಯಲ್ಲಿ ಮಾವನ ಮುಂದೆ ಇಟ್ಟಳು. ಹೊಗೆ ಹಿಡಿದು ಕಪ್ಪಾದ ಹುಲ್ಲು. ಅದರ ಮೇಲೆ ಕೈಯಾಡಿಸುತ್ತ ಹೇಳಿದಳು:

"ಇದು ಇನ್ನೊಂದು ವರ್ಷ ಕಾಯುವುದಿಲ್ಲ ಮಾಮ. ಈ ದೀಪಾವಳಿಗೆ ಬಿತ್ತದಿದ್ರೆ ಮತ್ತೆ ಇದು ಬೀಜ ಅಲ್ಲ, ಬರೀ ಭತ್ತ."

ಶೆಟ್ಟರು ಮುಡಿಯ ಹುಲ್ಲನ್ನು ಬೆರಳಲ್ಲಿ ಒತ್ತಿ ನೋಡಿದರು.

"ನೀವು ಸತ್ಯ ಹೇಳಿದ್ರಿ. ತಪ್ಪು ಅಂತ ನಾನು ಹೇಳುವುದಿಲ್ಲ. ಆದ್ರೆ ನಿಮ್ಮ ಸತ್ಯಕ್ಕೆ ಗದ್ದೆ ಉಪವಾಸ ಬಿತ್ತು. ದೈವ ಕೊಟ್ಟದ್ದನ್ನು ಕೊಟ್ಟಿದೆ ಅಂತ ಹೇಳಿದ್ರೆ ದೈವಕ್ಕೆ ಬೇಸರ ಆಗ್ತದಾ?"

"ಕೊಟ್ಟಿದೆ ಅಂತ ಹೇಳಬಹುದು. ನಮ್ಮದು ಅಂತ ಹೇಳಬಾರದು."

"ಅವರ ಕಾಗದದಲ್ಲಿ ಎರಡೇ ಜಾಗ ಇರುವುದು ಮಾಮ. ನಮ್ಮದು, ಇಲ್ಲವಾದ್ರೆ ಅವರದ್ದು."

ಮರುದಿನ ಬೆಳಗ್ಗೆ ಶೆಟ್ಟರು ಮಿಂದು ಹಲಸಿನ ಮರದ ಬುಡಕ್ಕೆ ಹೋದರು. ಒಂದು ದೀಪ ಹಚ್ಚಿ, ತುಂಬ ಹೊತ್ತು ಕೈಮುಗಿದು ಕೂತರು. ಗಾಳಿ ಇರಲಿಲ್ಲ, ಎಲೆ ಅಲುಗಲಿಲ್ಲ, ಮರದಿಂದ ಒಂದು ಹಣ್ಣೆಲೆಯೂ ಉದುರಲಿಲ್ಲ. ಕೇಳಿದವರಿಗೆ ಹೂವಿನಿಂದಲೋ ಹಕ್ಕಿಯ ದನಿಯಿಂದಲೋ ಅಪ್ಪಣೆ ಸಿಕ್ಕಿದ ಕತೆಗಳನ್ನು ಅವರು ಚಿಕ್ಕಂದಿನಿಂದ ಕೇಳಿದ್ದರು. ಎಣ್ಣೆ ಮುಗಿದು ದೀಪ ತಾನಾಗಿ ಆರಿತು. ಎದ್ದು ಬಂದು, "ಹೇಳ್ತೇನೆ" ಎಂದರು. ಕುಶಲಾಳ ಕಡೆ ನೋಡಲಿಲ್ಲ.

ಅಪೀಲಿನ ದಿನ ದೊಡ್ಡ ಕಚೇರಿಯಲ್ಲಿ ಫ್ಯಾನು ಗಡಗಡ ತಿರುಗುತ್ತಿತ್ತು. ಶೆಟ್ಟರು ಬಲಗೈ ಮುಂದೆ ಮಾಡಿ, ಕಚೇರಿಯವರು ಹೇಳಿಕೊಟ್ಟ ಹಾಗೆ ಪ್ರಮಾಣ ಮಾಡಿ ಹೇಳಿದರು: "ನೀರು ನಮ್ಮದು."

"ಕೇಳಿಸ್ತಿಲ್ಲ. ಗಟ್ಟಿಯಾಗಿ ಹೇಳಿ," ಎಂದರು ಮೇಲಿನ ಅಧಿಕಾರಿ.

"ನೀರು ನಮ್ಮದು," ಎಂದು ಗಟ್ಟಿಯಾಗಿ ಹೇಳಿದರು. ಗೋಡೆಯ ಹತ್ತಿರ ನಿಂತಿದ್ದ ರುಡೊಲ್ಫ್ ಪೊರ್ಬುಗಳು ಅಭ್ಯಾಸದಂತೆ ಟೊಪ್ಪಿಗೆ ಕೈ ಹಾಕಿ, ಹಾಗೆಯೇ ಕೈ ಇಳಿಸಿದರು. ಯಾರೂ ಹೌದೆನ್ನಲಿಲ್ಲ. ಅಲ್ಲಿ ಹೌದೆನ್ನುವ ಪದ್ಧತಿ ಇರಲಿಲ್ಲ.

ಮನೆಗೆ ಬಂದು ಶೆಟ್ಟರು ಗಡಿಯ ಗುರುತಾಗಿ ಕೈಯಲ್ಲಿದ್ದ ಬಳೆಯನ್ನು ಕಳಚಿ ಕಲ್ಲಿನ ಮುಂದೆ ಇಟ್ಟರು. ಅದನ್ನು ಎತ್ತಿ ಒಳಗಿಡಲು ಯಾರಿಗೂ ಧೈರ್ಯ ಬರಲಿಲ್ಲ. ಮಳೆ ನೀರು ಅದರ ಮೇಲೆ ಕೆಮ್ಮಣ್ಣು ಎರಚಿತು.

ತೀರ್ಪು ಬಂದದ್ದು ದೀಪಾವಳಿಗೆ ಸ್ವಲ್ಪ ಮೊದಲು. ಮೋಹನದಾಸ ಅದನ್ನು ಜಗಲಿಯ ಮೆಟ್ಟಿಲಲ್ಲಿ ನಿಂತೇ ಹೇಳಿದ. ಅರ್ಜಿದಾರನು ಮೊದಲ ವಿಚಾರಣೆಯಲ್ಲಿ ಮೂರು ಬಾರಿ ಕೇಳಿದರೂ, ಯಾರ ಒತ್ತಾಯವೂ ಇಲ್ಲದೆ, ಊರಿನವರೆಲ್ಲರ ಒಪ್ಪಿಗೆಯೊಂದಿಗೆ ಹಕ್ಕು ಇಲ್ಲವೆಂದು ಹೇಳಿದ್ದಾನೆ. ಈಗ ಹೇಳುತ್ತಿರುವುದು ಆಮೇಲೆ ಹುಟ್ಟಿದ ಮಾತು. ನಂಬಲು ಬರುವುದಿಲ್ಲ.

"ಹೌದಲ್ಲ," ಎಂದರು ಶೆಟ್ಟರು. "ಸರಿಯಾಗಿಯೇ ಬರೆದಿದ್ದಾರೆ."

"ಮಾಮ, ಬೆಂಗಳೂರಿಗೆ ಹೋಗ್ಲಿಕ್ಕಾಗ್ತದೆ, ಹೈಕೋರ್ಟು ಉಂಟು. ಲಾಯರು ಹೇಳ್ತಾರೆ, ಮೂರು ನಾಲ್ಕು ವರ್ಷದಲ್ಲಿ..."

"ಬೀಜಕ್ಕೆ ಹೇಳು ಅದನ್ನು," ಎಂದಳು ಕುಶಲಾ.

ಪಾಡ್ಯದ ಮರುದಿನ ಕಟ್ಟ ಹಾಕುವ ವಾಡಿಕೆ. ಯಾರೂ ಯಾರನ್ನೂ ಕರೆದಿರಲಿಲ್ಲ. ಆದರೂ ಬೆಳಗ್ಗೆ ಒಬ್ಬೊಬ್ಬರಾಗಿ ತೋಡಿನ ಹತ್ತಿರ ಬಂದರು. ಗೂಟ ಇರಲಿಲ್ಲ, ಮಡಲು ಇರಲಿಲ್ಲ. ಅಬ್ದುಲ್ ರಹ್ಮಾನ್ ತನ್ನ ಗದ್ದೆಯನ್ನು ಮನೆ ಕಟ್ಟುವವರಿಗೆ ಮಾರುವುದೆಂದು ಮಾತಾಡಿಯಾಗಿತ್ತು. ಅವನೂ ಬಂದು ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಆಚೆ ದಡದಲ್ಲಿ ರುಡೊಲ್ಫ್ ಪೊರ್ಬುಗಳು ಊರುಗೋಲು ಹಿಡಿದು ನಿಂತರು. ಮಳೆಗಾಲ ಮುಗಿದ ನೀರು ತಿಳಿಯಾಗಿ, ಕಲ್ಲಿನ ಮೇಲೆ ಸಣ್ಣಗೆ ಸದ್ದು ಮಾಡುತ್ತ ಪಂಪುಮನೆಯ ಕಡೆಗೆ ಇಳಿಯುತ್ತಿತ್ತು.

ದೂಮಣ್ಣ ಶೆಟ್ಟರು ಕಡೆಗೆ ಬಂದರು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಣ್ಣು. ಒಂದು ಬುಟ್ಟಿ ಮಣ್ಣಿನಿಂದ ತೋಡು ನಿಲ್ಲುವುದಿಲ್ಲ, ಯಾವ ಕಾನೂನಿಗೂ ಅಡ್ಡಿಯಾಗುವುದಿಲ್ಲ. ಅಷ್ಟಾದರೂ ಮಾಡುವ ಎಂದು ಬಂದಿದ್ದರೋ, ಕಾಲು ತಾನಾಗಿ ಕರೆತಂದಿತ್ತೋ. ನೀರಿಗೆ ಇಳಿದು ನಿಂತರು.

ಪೊರ್ಬುಗಳು ಟೊಪ್ಪಿ ತೆಗೆದರು. "ನೀರ್ ಏರೆನ?" ಎಂದು ಕೇಳಿದರು. ಅವರ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಶೆಟ್ಟರ ಬಾಯಿ ತೆರೆಯಿತು. ದೈವದ್ದು ಎನ್ನಲು ಆಣೆ ಮಾಡಿ ಆಡಿದ ಮಾತು ಅಡ್ಡ ಬಂತು. ನಮ್ಮದು ಎನ್ನಲು ಹರಿದು ಹೋಗುತ್ತಿದ್ದ ನೀರೇ ಅಡ್ಡ ಬಂತು. ಎಲ್ಲರೂ ಕಾದರು. ಬಾಯಿ ಹಾಗೆಯೇ ಮುಚ್ಚಿತು. ಪೊರ್ಬುಗಳು ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ಮುದುಕನಿಗೆ ಹಿಂಸೆಯಾದೀತೆಂದು ಟೊಪ್ಪಿಯನ್ನು ಕೈಯಲ್ಲೇ ಹಿಡಿದುಕೊಂಡು, ಒಂದು ಸಲ ಶಿಲುಬೆಯ ಗುರುತು ಮಾಡಿ, ಮನೆಯ ದಾರಿ ಹಿಡಿದರು. ಉಳಿದವರೂ ಹೋದರು.

ಕುಶಲಾ ತೋಡಿಗೆ ಇಳಿದಳು. "ಕೊಡಿ ಮಾಮ," ಎಂದು ಬುಟ್ಟಿಯನ್ನು ತನ್ನ ತಲೆಗೆ ತೆಗೆದುಕೊಂಡಳು. ಮಣ್ಣನ್ನು ನೀರಿಗೆ ಹಾಕಲಿಲ್ಲ. ತೆಗೆದ ಜಾಗಕ್ಕೇ, ಗದ್ದೆಯ ಮೂಲೆಗೇ ಹಿಂದೆ ಸುರಿದಳು.

ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದ ಶೆಟ್ಟರಿಗೆ ಹಿತ್ತಲಿನಿಂದ ಭತ್ತ ಬೇಯುವ ವಾಸನೆ ಬಂತು. ಹೊಸ ಭತ್ತದ ವಾಸನೆಯಲ್ಲ ಅದು. ಅಟ್ಟದ ಹೊಗೆ ಕುಡಿದ ಹಳೆಯ ಭತ್ತದ್ದು. ಅವರಿಗೆ ತಿಳಿಯಿತು. ಎದ್ದು ಹೋಗಿ ನೋಡಿದರು. ದೊಡ್ಡ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಬಿಚ್ಚಿದ ಮುಡಿಯ ಕಪ್ಪು ಹುಲ್ಲನ್ನೇ ಕುಶಲಾ ಒಲೆಗೆ ಇಡುತ್ತಿದ್ದಳು. ಹಂಡೆಯೊಳಗೆ ಅವಳ ತಾಯಿಯ, ಅಜ್ಜಿಯ ಕಯಮೆ ಒಂದೊಂದೇ ಕಾಳು ಬಾಯಿ ಬಿಡುತ್ತಿತ್ತು.

"ಒಂದು ಹಿಡಿ ತೆಗೆದಿಡಬಹುದಿತ್ತು," ಎಂದರು ಶೆಟ್ಟರು.

"ಎಲ್ಲಿಗೆ ಬಿತ್ತಲಿಕ್ಕೆ?" ಎಂದಳು ಕುಶಲಾ.

ಶೆಟ್ಟರು ಹೊಸ್ತಿಲಲ್ಲಿ ಕೂತು, ಹಂಡೆಯ ಹಬೆ ಮೇಲೇರಿ ಮಾಡಿನ ಹಂಚಿನ ಸಂದಿನಲ್ಲಿ ಮಾಯವಾಗುವುದನ್ನು ನೋಡುತ್ತಿದ್ದರು. ಕೆಳಗೆ ಪಂಪು ಶುರುವಾದ ಸದ್ದು ಗದ್ದೆಯ ಮೇಲಿನಿಂದ ಬಂತು. ಕುಶಲಾ ಸೌಟಿನಲ್ಲಿ ಭತ್ತ ತೆಗೆದು ಬೆರಳಲ್ಲಿ ಹಿಚುಕಿ ನೋಡಿ, ಇನ್ನಷ್ಟು ಹುಲ್ಲು ಒಲೆಗೆ ಒಟ್ಟಿದಳು.